ಮಂತ್ರಿಗಳ ಉತ್ತರವನ್ನು ಮೊದಲು ಬರೆದುಕೊಳ್ಳುವುದು ಕಲಿತೆ

ಸಂಸದರೊಬ್ಬರಿಗೆ ಸದನದ ಟಿಪ್ಪಣಿ ಬರೆದುಕೊಡುವ ಕೆಲಸವನ್ನು ಕೆಲವು ವರ್ಷ ಮಾಡಿದ್ದೇನೆ. ಅವರು ಕೊಡಗಿನವರಲ್ಲ. ಆದರೆ ಕಾಫಿ, ಕಾಡಾನೆ, ಮಳೆ ಅಂತ ವಿಷಯ ಬಂದರೆ ನನ್ನನ್ನೇ ಕೇಳುತ್ತಿದ್ದರು. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ತೋಟ ಇದೆ.

ನಾನು ಬರೆದ ಮೊದಲ ಪ್ರಶ್ನೆ ಆನೆಯ ಬಗ್ಗೆ. ಹಿಂದಿನ ರಾತ್ರಿ ತೋಟಕ್ಕೆ ಆನೆ ನುಗ್ಗಿ, ಹಲಸಿನ ಹಣ್ಣಿಗಾಗಿ ಒಂದು ಸಾಲು ರೊಬಸ್ಟಾ ಕಾಫಿ ಗಿಡವನ್ನೇ ತುಳಿದು ಹಾಕಿತ್ತು. ಸಿಟ್ಟಿನಲ್ಲಿ ಬರೆದೆ: 'ಕೊಡಗಿನಲ್ಲಿ ಆನೆ ಹಾವಳಿ ತಡೆಯಲು ಸರ್ಕಾರ ಏನು ಕ್ರಮ ಕೈಗೊಂಡಿದೆ?' ಲಿಖಿತ ಉತ್ತರ ಬಂತು. ವನ್ಯಜೀವಿ ನಿರ್ವಹಣೆ ಮುಖ್ಯವಾಗಿ ರಾಜ್ಯ ಸರ್ಕಾರದ ಹೊಣೆ ಎಂದಿತ್ತು. ಅದರ ಕೆಳಗೆ ಯಾವ ಜಿಲ್ಲೆಗೂ ಹೊಂದುವ ಮೂರು ಪ್ಯಾರಾ. ಅದರಲ್ಲಿ ಸುಳ್ಳೇನೂ ಇರಲಿಲ್ಲ. 1976ರ ಸಂವಿಧಾನದ 42ನೇ ತಿದ್ದುಪಡಿಯಿಂದ ಕಾಡು ಮತ್ತು ವನ್ಯಜೀವಿ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ, ಆದರೆ ಆನೆ ಓಡಿಸಲು ಬರುವುದು ರಾಜ್ಯದ ಅರಣ್ಯ ಇಲಾಖೆಯವರೇ ಅಲ್ವಾ? ತಪ್ಪಿಸಿಕೊಳ್ಳುವ ದಾರಿಯನ್ನು ನನ್ನ ಪ್ರಶ್ನೆಯೇ ತೋರಿಸಿಕೊಟ್ಟಿತ್ತು.

ಸಂಸದರು ಬೈಯಲಿಲ್ಲ. "ಬೇಜಾರು ಮಾಡ್ಕೋಬೇಡಿ. ಮುಂದಿನ ಸಲ ಪ್ರಶ್ನೆ ಜತೆಗೆ ಮಂತ್ರಿಗಳ ಉತ್ತರಾನೂ ನೀವೇ ಬರ್ಕೊಂಡು ಬನ್ನಿ. ಆ ಉತ್ತರ ಕೊಡೋಕೆ ಆಗದ ಹಾಗೆ ಪ್ರಶ್ನೆ ತಿದ್ದೋಣ" ಅಂದರು. ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಪಾಠ ಅದೇ.

ಊರಿಗೆ ಬಂದಾಗ ಒಂದು ಸಂಜೆ ನೋಟ್‌ಬುಕ್ ಹಿಡಿದು ತೋಟ ಸುತ್ತಿದೆ. ಕಣ್ಣಿಗೆ ಕಂಡದ್ದಕ್ಕೆಲ್ಲ ದೆಹಲಿಯಲ್ಲಿ ಯಾರು ಉತ್ತರ ಹೇಳಬೇಕು ಅಂತ ಬರೆಯುತ್ತಾ ಹೋದೆ. ಕಾಫಿ ಗಿಡ ಕಾಫಿ ಮಂಡಳಿಗೆ, ಅಂದರೆ ವಾಣಿಜ್ಯ ಸಚಿವಾಲಯಕ್ಕೆ. ಅದೇ ಗಿಡಕ್ಕೆ ನೆರಳು ಕೊಡುವ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ವಾಣಿಜ್ಯಕ್ಕೇ ಸೇರಿದ್ದು, ಆದರೆ ಅದರ ಮಂಡಳಿ ಸಾಂಬಾರ ಮಂಡಳಿ. ಕೆಳಗಿನ ಗದ್ದೆಯ ಭತ್ತ ಕೃಷಿ ಸಚಿವಾಲಯಕ್ಕೆ. ಆನೆ ಪರಿಸರ ಸಚಿವಾಲಯಕ್ಕೆ, ಆನೆ ತಡೆಗೆ ಬಳಸುವ ಹಳೇ ರೈಲು ಕಂಬಿ ರೈಲ್ವೆಗೆ. ಗುಡ್ಡ ಜರಿದರೆ ವಿಪತ್ತು ನಿರ್ವಹಣೆ ನೋಡುವ ಗೃಹ ಸಚಿವಾಲಯ. ಆದರೆ ಯಾವ ಗುಡ್ಡ ಜರಿಯಬಹುದು ಎಂದು ನಕ್ಷೆ ಮಾಡುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇರುವುದು ಗಣಿ ಸಚಿವಾಲಯದಲ್ಲಿ! ಇನ್ನು ಜಮ್ಮಾ ಬಾಣೆ, ಅಂದರೆ ಕೊಡಗಿನ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮೀನು, ಕಂದಾಯದ ವಿಷಯ. ಅದನ್ನು ದೆಹಲಿಯಲ್ಲಿ ಕೇಳಿದರೆ ಸುಮ್ನೆ ಸಮಯ ಹಾಳು, ಬೆಂಗಳೂರಲ್ಲೇ ಕೇಳಬೇಕು.

ಆ ಪಟ್ಟಿಯಿಂದ ನನ್ನ ಕೆಲಸವೇ ಬದಲಾಯಿತು. ಆನೆಯ ಪ್ರಶ್ನೆಯನ್ನು ಮತ್ತೆ ಬರೆದೆ. ಈ ಸಲ ರೈಲ್ವೆ ಸಚಿವಾಲಯಕ್ಕೆ: ಬೇಲಿಗೆಂದು ಕರ್ನಾಟಕ ಎಷ್ಟು ಟನ್ ಹಳೇ ಕಂಬಿ ಕೇಳಿದೆ, ಯಾವ ದರಕ್ಕೆ, ಕೊಟ್ಟದ್ದೆಷ್ಟು, ಬಾಕಿ ಎಷ್ಟು. ಇದಕ್ಕೆ 'ರಾಜ್ಯದ ಹೊಣೆ' ಎಂದು ಹೇಳಲು ಆಗುವುದಿಲ್ಲ. ಲೆಕ್ಕ ಕೊಡಲೇಬೇಕು.

ಲೋಕಸಭೆಯ ನಿಯಮ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಪ್ರಶ್ನೆಗೆ 15 ದಿನ ಮೊದಲೇ ಸೂಚನೆ ಕೊಡಬೇಕು. ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿಗಳು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದು, 20 ಮಾತ್ರ, ಅವನ್ನು ಚೀಟಿ ಎತ್ತಿ ಆರಿಸುತ್ತಾರೆ. ಪ್ರಶ್ನೋತ್ತರದ ಒಂದು ಗಂಟೆಯಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಅವುಗಳಲ್ಲೂ ಕೆಲವಕ್ಕೆ ಮಾತ್ರ. ಉಳಿದದ್ದೆಲ್ಲ ಲಿಖಿತ ಉತ್ತರ. ಹಾಗಾಗಿ ಕೈಗೆ ಬಂದ ಚುಕ್ಕೆ ಪ್ರಶ್ನೆ ಬಂಗಾರ. ಸದಸ್ಯರಿಗೆ ವಿಷಯ ಗೊತ್ತಿದೆಯೋ ಇಲ್ಲವೋ ಎನ್ನುವುದು ಮೊದಲ ಪ್ರಶ್ನೆಯಲ್ಲಿ ಗೊತ್ತಾಗುವುದಿಲ್ಲ, ಅದನ್ನು ನನ್ನಂಥವನು ಬರೆದಿರುತ್ತಾನೆ. ಮಂತ್ರಿಗಳು ಉತ್ತರ ಕೊಟ್ಟ ಮೇಲೆ ಎದ್ದು ನಿಂತು ಕೇಳುವ ಉಪಪ್ರಶ್ನೆಯಲ್ಲಿ ಗೊತ್ತಾಗುತ್ತದೆ. ಅದಕ್ಕೇ ನಾನು ಟಿಪ್ಪಣಿಯಲ್ಲಿ ಎರಡು ಉಪಪ್ರಶ್ನೆ ಬರೆಯುತ್ತಿದ್ದೆ: ಮಂತ್ರಿಗಳು 'ಹೌದು' ಎಂದರೆ ಇದು, 'ಪರಿಶೀಲಿಸುತ್ತೇವೆ' ಎಂದರೆ ಇದು. 'ಪರಿಶೀಲಿಸುತ್ತೇವೆ' ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸದನದಲ್ಲಿ ಹಾಗೆ ಹೇಳಿದರೆ ಅದು ಭರವಸೆಯಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಅದನ್ನು ಹಿಂಬಾಲಿಸಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ನಾನು ಅಂಥ ಮಾತುಗಳನ್ನು ದಿನಾಂಕದ ಸಮೇತ ಬೇರೆ ಪುಸ್ತಕದಲ್ಲಿ ಬರೆದಿಡುತ್ತಿದ್ದೆ.

ಮೆಣಸಿನ ವಿಷಯದಲ್ಲೂ ಹೀಗೇ ಆಯಿತು. ಅಗ್ಗದ ಆಮದು ತಡೆಯಲು 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. 'ಬೆಲೆ ಯಾಕೆ ಬಿದ್ದಿದೆ' ಎಂದು ವಾಣಿಜ್ಯ ಸಚಿವರನ್ನು ಕೇಳಿದರೆ ಅಂತರರಾಷ್ಟ್ರೀಯ ಮಾರುಕಟ್ಟೆಯ ಪಾಠ ಸಿಗುತ್ತದೆ. ಆದರೆ ಬಂದರಿನಲ್ಲಿ ಕಾಯುವ ಕಸ್ಟಮ್ಸ್ ಇರುವುದು ಹಣಕಾಸು ಸಚಿವಾಲಯದ ಕೈಯಲ್ಲಿ. ಯಾವ ಬಂದರಿನಲ್ಲಿ ಎಷ್ಟು ಮೆಣಸು ಇಳಿಯಿತು, ಯಾವ ಬೆಲೆ ತೋರಿಸಿದ್ದಾರೆ ಎಂಬ ಪ್ರಶ್ನೆಯನ್ನು ಅಲ್ಲಿಗೆ ಕಳಿಸಿದೆವು.

1956ರವರೆಗೆ ಕೊಡಗಿಗೆ ತನ್ನದೇ 24 ಸದಸ್ಯರ ವಿಧಾನಸಭೆ ಇತ್ತು. ಈಗ ಬೆಂಗಳೂರಿಗೆ ಇಬ್ಬರು ಶಾಸಕರು, ದೆಹಲಿಗೆ ಮೈಸೂರಿನ ಜತೆ ಸೇರಿ ಒಬ್ಬರು. ನಮ್ಮ ಮಾತು ಸದನದಲ್ಲಿ ಕೇಳಬೇಕಾದರೆ ಬೇರೆ ಊರಿನ ಸದಸ್ಯರಿಗೂ ನಮ್ಮ ವಿಷಯ ಕಲಿಸಬೇಕು. ಈ ಮಾತನ್ನು ಊರಲ್ಲಿ ತುಂಬ ಜನರಿಗೆ ಹೇಳಿದ್ದೇನೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜರಿದವು. ನೆಂಟರ ಮನೆಯವರು ಪರಿಹಾರ ಕೇಂದ್ರದಲ್ಲಿದ್ದರು. ಮನಸ್ಸು ತಡೆಯದೆ ನಾನು ಎಂಟು ಪುಟ ಟಿಪ್ಪಣಿ ಬರೆದೆ. ಸಂಸದರಿಗೆ ಸಿಗುವುದು ನಾಲ್ಕು ನಿಮಿಷ. ಅರ್ಧ ಪುಟ ಮಾಡಿ ಅಂದರು.

ಆ ಅರ್ಧ ಪುಟಕ್ಕೆ ಎರಡು ರಾತ್ರಿ ಹಿಡಿಯಿತು. ಕೊನೆಗೆ ಉಳಿದದ್ದು ಒಂದೇ ಅಂಶ. ಭೂಕುಸಿತದ ರಾಷ್ಟ್ರೀಯ ನಕ್ಷೆಯ ಅಳತೆ 1:50,000. ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ನಾನು ಅಡುಗೆಮನೆಯಿಂದ ಒಂದು ದಪ್ಪ ಮೆಣಸಿನ ಕಾಳು ತಂದು ಅಳೆದೆ. ಐದು ಮಿಲಿಮೀಟರ್ ಇತ್ತು. ಅದನ್ನು ಆ ಅಳತೆಯ ನಕ್ಷೆಯ ಮೇಲೆ ಇಟ್ಟರೆ ಸುಮಾರು 12 ಎಕರೆ ಮುಚ್ಚಿಹೋಗುತ್ತದೆ. ಸಣ್ಣ ಬೆಳೆಗಾರನ ಮನೆ, ಕಣ, ಬಾವಿ, ತೋಟ, ಮೇಲಿನ ಗುಡ್ಡ ಎಲ್ಲವೂ ಆ ಕಾಳಿನ ಕೆಳಗೆ. ಯಾವ ಮನೆ ಖಾಲಿ ಮಾಡಬೇಕು ಎಂದು ಇಂಥ ನಕ್ಷೆ ನೋಡಿ ಹೇಳುವುದು ಹೇಗೆ?

ಸದನದಲ್ಲಿ ವಸ್ತು ತೋರಿಸುವ ಹಾಗಿಲ್ಲ. ಸಂಸದರು ಮಾತಿನಲ್ಲೇ ಹೇಳಿದರು. ಮೆಣಸಿನ ಕಾಳು, 12 ಎಕರೆ, ಊರಿನ ಮಟ್ಟದ ನಕ್ಷೆ ಯಾವಾಗ. ಅಂಕಿಗಳು ಅಷ್ಟೇ. ಗದ್ದಲ ಮಾಡುತ್ತಿದ್ದ ಹಿಂದಿನ ಸಾಲಿನವರು ಒಂದು ಗಳಿಗೆ ಸುಮ್ಮನಾದರು. ನಾನು ಅದನ್ನು ಟಿವಿಯಲ್ಲಿ ನೋಡಿದೆ, ಅಮ್ಮನ ಪಕ್ಕದಲ್ಲಿ ಕೂತು. ಅಳೆದ ಕಾಳು ಇನ್ನೂ ನನ್ನ ಶರ್ಟಿನ ಜೇಬಿನಲ್ಲೇ ಇತ್ತು.