ಅರವತ್ತು ಪ್ರಶ್ನೆ, ಎಪ್ಪತ್ತು ನಿಮಿಷ: ಸರ್ಕಾರಿ ಪಿಯು ಕಾಲೇಜಿನಲ್ಲಿ ನಮ್ಮ ಸಿಇಟಿ ತಯಾರಿ

ಸಿಇಟಿ (ವೃತ್ತಿಪರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ತರಗತಿಯ ಮೊದಲ ದಿನ ನಾವು ಪಾಠ ತೆಗೆಯುವುದಿಲ್ಲ, ಲೆಕ್ಕ ತೆಗೆಯುತ್ತೇವೆ. ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ 300 ಅಂಕ ಅರ್ಧ ಪಾಲು. ಅದೇ ಮೂರು ವಿಷಯಗಳ ಸಿಇಟಿಯ 180 ಅಂಕ ಇನ್ನರ್ಧ. ಅಂದರೆ ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ಪಿಯುಸಿಯಲ್ಲಿ 240, ಸಿಇಟಿಯಲ್ಲಿ 72 ಬಂದವರಿಗೆ ನೂರಕ್ಕೆ 40 ಮತ್ತು 20 ಸೇರಿ 60. ಸಿಇಟಿಯಲ್ಲಿ ಪತ್ರಿಕೆಗೆ ಆರರಂತೆ 18 ಅಂಕ ಹೆಚ್ಚು ಬಂದರೆ ಅದು 65. ಆ ಐದನ್ನು ಪಿಯುಸಿಯಿಂದಲೇ ತರಬೇಕೆಂದರೆ 30 ಅಂಕ ಬೇಕು. ಬೋರ್ಡಿನ ಮೇಲೆ ಇದನ್ನು ಬಿಡಿಸಿ ತೋರಿಸಿದರೆ ಮಕ್ಕಳ ಹೆದರಿಕೆ ಎಷ್ಟೋ ಇಳಿಯುತ್ತದೆ. ‘ಒಳ್ಳೇ ರ‍್ಯಾಂಕ್ ತಗೋ’ ಅಂದರೆ ಮಗುವಿಗೆ ದಾರಿ ಕಾಣದು. ‘ಪತ್ರಿಕೆಗೆ ಇನ್ನು ಆರು ಪ್ರಶ್ನೆ’ ಅಂದರೆ ಕಾಣುತ್ತದೆ.

ಆ ಆರರಲ್ಲಿ ಮೂರು ನಾಲ್ಕು ಓದಿನಿಂದ ಬರಬೇಕಾದವಲ್ಲ, ಓಎಂಆರ್ ಹಾಳೆಯ (ಉತ್ತರದ ವೃತ್ತ ತುಂಬುವ, ಯಂತ್ರ ಓದುವ ಹಾಳೆ) ಮೇಲೆ ಉಳಿಸಿಕೊಳ್ಳಬೇಕಾದವು. ಪೇಟೆಯ ಕೋಚಿಂಗಿನಲ್ಲಿ ವಾರವಾರವೂ ಓಎಂಆರ್ ತುಂಬಿದ ಮಕ್ಕಳ ಪಕ್ಕದಲ್ಲಿ, ಅದನ್ನು ಪರೀಕ್ಷಾ ಕೊಠಡಿಯಲ್ಲೇ ಮೊದಲ ಸಲ ಮುಟ್ಟುವ ಮಗು ಕೂತಿರುತ್ತದೆ. ನನ್ನ ಮಟ್ಟಿಗೆ ಅತಿ ದೊಡ್ಡ ಅನ್ಯಾಯ ಇದೇ. ಆದರೆ ಇದನ್ನು ಜೆರಾಕ್ಸ್ ಖರ್ಚಿನಲ್ಲಿ ಸರಿಪಡಿಸಬಹುದು.

ಪತ್ರಿಕೆಯ ಒಟ್ಟು ಅವಧಿ 80 ನಿಮಿಷ, ಅದರಲ್ಲಿ ಉತ್ತರಿಸಲು ಸಿಗುವುದು 70. ಉಳಿದದ್ದು ಸಿಇಟಿ ಸಂಖ್ಯೆ, ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್, ಕ್ರಮಸಂಖ್ಯೆ ತುಂಬುವುದಕ್ಕೆ. ನಮ್ಮ ಅಭ್ಯಾಸ ಪರೀಕ್ಷೆಯಲ್ಲೂ ಆ ಹತ್ತು ನಿಮಿಷ ಬೇರೆ ಇಡುತ್ತೇವೆ, ಗಂಟೆ ಹೊಡೆಯುವ ತನಕ ಪಿನ್ ಹಾಕಿದ ಪತ್ರಿಕೆ ಬಿಚ್ಚುವಂತಿಲ್ಲ. ನೀಲಿ ಅಥವಾ ಕಪ್ಪು ಬಾಲ್ ಪೆನ್ನು ಮಾತ್ರ. ಒಂದು ವೃತ್ತವನ್ನು ಅಂಚು ದಾಟದಂತೆ ತುಂಬಲು ನಾಲ್ಕೈದು ಸೆಕೆಂಡು ಹಿಡಿಯುತ್ತದೆ, ಅರವತ್ತಕ್ಕೆ ಸುಮಾರು ಐದು ನಿಮಿಷ. ಎಲ್ಲವನ್ನೂ ಕೊನೆಗೆ ತುಂಬುತ್ತೇನೆಂದು ಕೂತವರ ಕೈ ಆ ಐದು ನಿಮಿಷದಲ್ಲಿ ನಡುಗುತ್ತದೆ. 23ನೇ ಪ್ರಶ್ನೆ ಬಿಟ್ಟದ್ದು ಮರೆತು 24ರ ಉತ್ತರವನ್ನು 23ಕ್ಕೆ ತುಂಬಿದರೆ ಅಲ್ಲಿಂದ ಕೆಳಗಿನದೆಲ್ಲ ಒಂದೊಂದು ಸಾಲು ಮೇಲೆ ಸರಿಯುತ್ತದೆ. ಪೆನ್ನಿನ ಗುರುತನ್ನು ಅಳಿಸುವಂತಿಲ್ಲ. ಅದಕ್ಕೇ ಪುಟ ಮುಗಿದಂತೆ ಆ ಪುಟದ್ದನ್ನು ತುಂಬಿ ಮುಂದೆ ಹೋಗುವುದು ನಮ್ಮ ಕ್ರಮ. ಯೋಚಿಸುವಾಗ ಪೆನ್ನಿನ ತುದಿ ಹಾಳೆಯ ಮೇಲೆ ಊರಬಾರದು. ಸಣ್ಣ ಚುಕ್ಕಿಯನ್ನೂ ಸ್ಕ್ಯಾನರ್ ಗುರುತೆಂದೇ ಓದಬಹುದು.

ಪ್ರಶ್ನೆಗಳಿಗೆ ಎರಡು ಸುತ್ತು. ಮೊದಲ ಸುತ್ತು 45 ನಿಮಿಷ, ಒಂದು ನಿಮಿಷದಲ್ಲಿ ದಾರಿ ಹೊಳೆಯದ್ದಕ್ಕೆ ಪತ್ರಿಕೆಯಲ್ಲಿ ಸುತ್ತು ಹಾಕಿ ಬಿಡಬೇಕು. ಎರಡನೇ ಸುತ್ತು 20 ನಿಮಿಷ. ಕೊನೆಯ ಐದು ನಿಮಿಷದಲ್ಲಿ ಖಾಲಿ ಉಳಿದದ್ದೆಲ್ಲ ತುಂಬಿರಬೇಕು, ಏಕೆಂದರೆ ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ವೈದ್ಯಕೀಯ ಪ್ರವೇಶದ ನೀಟ್‌ಗೂ ಓದುವ ಮಕ್ಕಳು ಇಲ್ಲಿ ಎಡವುತ್ತಾರೆ: ಅಲ್ಲಿ ಸರಿಗೆ 4, ತಪ್ಪಿಗೆ ಕಳೆ 1 ಇರುವುದರಿಂದ ಬಿಡುವ ರೂಢಿ ಬೆಳೆದಿರುತ್ತದೆ. ನಿಜಕ್ಕೂ ನೀಟ್‌ನಲ್ಲಿಯೂ ನಾಲ್ಕರಲ್ಲಿ ಒಂದು ಆಯ್ಕೆ ತಪ್ಪೆಂದು ಖಚಿತವಾದರೆ ಊಹಿಸುವುದೇ ಲಾಭ. ಸರಾಸರಿ ಮೂರರಲ್ಲೊಂದು ಸರಿಯಾಗಿ 4 ಬಂದು, ಎರಡು ತಪ್ಪಾಗಿ 2 ಹೋಗುತ್ತದೆ.

ಸುತ್ತು ಹಾಕಿ ಬಿಡುವ ಪದ್ಧತಿಯ ಬೆಲೆ 2024ರಲ್ಲಿ ಚೆನ್ನಾಗಿ ತಿಳಿಯಿತು. ಆ ವರ್ಷ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು, ಗಣಿತದಲ್ಲೇ 15. ಎಲ್ಲರಿಗೂ ಕೈಬಿಟ್ಟರೆ ಎಲ್ಲರಿಗೂ ಸಮ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಪಾಠದಲ್ಲೇ ಇಲ್ಲದ ಲೆಕ್ಕಕ್ಕೆ ನಾಲ್ಕು ನಿಮಿಷ ಸುರಿದ ಮಗುವಿಗೆ ಆ ನಾಲ್ಕು ನಿಮಿಷವನ್ನು ಯಾರೂ ಹಿಂದಿರುಗಿಸಲಿಲ್ಲ, ಕಂಡ ಕೂಡಲೇ ಬಿಟ್ಟವರಿಗೆ ನಷ್ಟವಾಗಲಿಲ್ಲ.

ಡಿಸೆಂಬರಿನಲ್ಲೇ ಇನ್ನೊಂದು ಕೆಲಸ ಮುಗಿಸುತ್ತೇವೆ: ಪ್ರಮಾಣಪತ್ರ. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5, ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಬೇಕು. ಶಾಲೆ ಬದಲಿಸಿದ ಮಗು ಪ್ರತಿ ಶಾಲೆಯಿಂದಲೂ ತರಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲು ರುಜು ಬೇಕು. ಒಂದೇ ವರ್ಷ ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣ ಹೋಯಿತು, ಕನ್ನಡ ಮಾಧ್ಯಮ ಮಾತ್ರ ಉಳಿಯುತ್ತದೆ. ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯಡಿ (ಪ್ರಮಾಣಪತ್ರದ ಮೇಲಿನ ಸಂಖ್ಯೆ) ದಾಖಲಾದ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ಅಕ್ಷರ ಅಕ್ಷರ ಹೊಂದುತ್ತದೆಯೇ ಎಂದು ಮಕ್ಕಳಿಂದಲೇ ಓದಿಸುತ್ತೇವೆ. ಇನಿಷಿಯಲ್ ಹಿಂದೆ ಮುಂದೆ ಆಗಿರುವುದೇ ಹೆಚ್ಚು. ಅದನ್ನು ನಾಡಕಚೇರಿಯಲ್ಲಿ ತಿದ್ದಿಸಲು ಡಿಸೆಂಬರಿನಲ್ಲಿ ಸಮಯವಿರುತ್ತದೆ, ಅರ್ಜಿ ತುಂಬುವ ಗಡಿಬಿಡಿಯಲ್ಲಿ ಇರುವುದಿಲ್ಲ.

ಪರೀಕ್ಷೆಯ ದಿನ ಎರಡು ಪತ್ರಿಕೆಗಳ ನಡುವೆ ಉತ್ತರ ಹೋಲಿಸಬಾರದು ಎಂಬುದೊಂದೇ ಕಟ್ಟುನಿಟ್ಟು. ಓಎಂಆರ್‌ನ ಅಡಿಪ್ರತಿ ಮಕ್ಕಳ ಕೈಗೇ ಸಿಗುತ್ತದೆ, ಅದನ್ನು ಮಡಿಸದೆ ಫೈಲಿಗೆ ಹಾಕಿಸುತ್ತೇವೆ. ತಾತ್ಕಾಲಿಕ ಕೀ ಉತ್ತರ ಬಂದ ದಿನ ಎಲ್ಲರನ್ನೂ ಕೂರಿಸಿ ತಾಳೆ ನೋಡಿ, ಕೀಯಲ್ಲೇ ತಪ್ಪು ಕಂಡರೆ ಪಠ್ಯಪುಸ್ತಕದ ಪುಟ ಸಂಖ್ಯೆ ಸಹಿತ ಅವತ್ತೇ ಆಕ್ಷೇಪಣೆ ಸಲ್ಲಿಸುತ್ತೇವೆ.