ಕತ್ತು ಮುರಿದ ಹಳೆಯ ಗಿಟಾರನ್ನು ಜೋಡಿಸುವ ಬಗೆ

ಅಮೆರಿಕದ ಗಿಬ್ಸನ್ ಕಂಪನಿಯ ಹಳೆಯ ಗಿಟಾರುಗಳು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಮುರಿಯುತ್ತವೆ: ಬಿರಡೆಗಳಿರುವ ತಲೆಭಾಗವು ಕತ್ತಿಗೆ ಕೂಡುವಲ್ಲಿ. ತಲೆಭಾಗ 17 ಡಿಗ್ರಿಯಷ್ಟು ಹಿಂದಕ್ಕೆ ಬಾಗಿದ್ದು, ಕತ್ತನ್ನೂ ತಲೆಯನ್ನೂ ಒಂದೇ ಮಹಾಗನಿ ತುಂಡಿನಲ್ಲಿ ಕೊರೆದಿರುವುದರಿಂದ ಮರದ ಎಳೆಗಳು ಅಲ್ಲಿ ಉದ್ದಕ್ಕೆ ಸಾಗದೆ ಗಿಡ್ಡವಾಗಿ ಕಡಿದುಹೋಗುತ್ತವೆ. ಅದು ಸಾಲದೆಂಬಂತೆ ತಂತಿಗಳ ಎಳೆತಕ್ಕೆ ಕತ್ತು ಬಾಗದಂತೆ ಅದರೊಳಗೆ ಹುದುಗಿಸಿದ ಲೋಹದ ಸಲಾಕೆಯ, ಅಂದರೆ ಟ್ರಸ್ ರಾಡಿನ, ತಿರುಪಿಗಾಗಿ ಅದೇ ಜಾಗದಲ್ಲಿ ಗುಳಿಯನ್ನೂ ತೋಡಿರುತ್ತಾರೆ. ಕಂಪನಿ 1960ರ ದಶಕದ ನಡುವೆ ಕೋನವನ್ನು 14 ಡಿಗ್ರಿಗೆ ಇಳಿಸಿತು, 1970ರ ಸುಮಾರಿಗೆ ಬಲಕ್ಕಾಗಿ ಅಲ್ಲಿ ಕತ್ತಿನ ಹಿಂಬದಿಗೆ ಉಬ್ಬನ್ನೂ ಸೇರಿಸಿತು. ತಲೆಯು ಬಾಗದೆ ನೇರವಾಗಿರುವ, ಇನ್ನೊಂದು ಕಂಪನಿಯಾದ ಫೆಂಡರಿನ ಗಿಟಾರುಗಳಿಗೆ ಈ ಕಾಟ ಅಪರೂಪ.

ಮೊದಲು ತಂತಿಗಳನ್ನೂ ಬಿರಡೆಗಳನ್ನೂ ತೆಗೆದು, ಟ್ರಸ್ ರಾಡನ್ನು ಸಡಿಲಿಸಿ. ಉದುರಿದ ಸಿಬಿರುಗಳನ್ನು ಒಂದೂ ಬಿಡದೆ ಡಬ್ಬಿಯಲ್ಲಿ ಎತ್ತಿಡಿ.

ಮುರಿದ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ ‘ಸ್ವಚ್ಛ’ ಮಾಡಿ ತಂದವರನ್ನು ನಾನು ಹಲವು ಬಾರಿ ನೋಡಿದ್ದೇನೆ. ಎಳೆಗೆ ಎಳೆ ಕೂಡಿಕೊಳ್ಳಬೇಕಾದ ಆ ಒರಟುತನವೇ ಜೋಡಣೆಯ ಬಲ. ಅದನ್ನು ಉಜ್ಜಿದ ಮೇಲೆ ಎಂಥ ಅಂಟೂ ಪ್ರಯೋಜನಕ್ಕೆ ಬಾರದು. ಕೂಡುತ್ತದೆಯೋ ಇಲ್ಲವೋ ಎಂದು ಕುತೂಹಲಕ್ಕಾಗಿ ಪದೇ ಪದೇ ಒತ್ತಿ ನೋಡುವುದೂ ಎಳೆಗಳನ್ನು ಜಜ್ಜುತ್ತದೆ.

ಎಲ್ಲರೂ ಎಡವುವ ಹಂತವೆಂದರೆ ಅಂಟಿಲ್ಲದ ತಾಲೀಮು. ತಲೆಯ ಮುಂಭಾಗ ಚಪ್ಪಟೆ, ಕತ್ತಿನ ಹಿಂಭಾಗ ದುಂಡು. ತುಂಡುಗಳನ್ನು ಒತ್ತಿ ಹಿಡಿಯುವ ಕ್ಲಾಂಪನ್ನು ಬರಿದಾಗಿ ಬಿಗಿದರೆ ಅದು ಜಾರುತ್ತದೆ. ಆದುದರಿಂದ ಕತ್ತಿನ ದುಂಡಿಗೆ ಸರಿಯಾಗಿ ಮರದ ದಿಮ್ಮಿಯೊಂದನ್ನು ಕೊರೆದು, ಒಳಮೈಗೆ ಬೆಂಡು ಅಂಟಿಸಿ, ಅದರ ಮೇಲೆ ಕ್ಲಾಂಪುಗಳನ್ನು ಕೂರಿಸಬೇಕು. ಮುರಿತ ಓರೆಯಾಗಿರುವುದರಿಂದ, ಒತ್ತಡ ಬಿದ್ದೊಡನೆ ಹಸಿ ಅಂಟಿನ ಮೇಲೆ ಎರಡು ತುಂಡುಗಳೂ ಉದ್ದಕ್ಕೆ ಜಾರುತ್ತವೆ. ಅರ್ಧ ಮಿಲಿಮೀಟರ್ ಜಾರಿದರೂ ಆ ಮೆಟ್ಟಿಲು ಬೆರಳಿಗೆ ಸಿಗುತ್ತದೆ. ಇದನ್ನು ತಡೆಯಲು ತಲೆಯ ತುದಿಯಿಂದ ಗಿಟಾರಿನ ಬುಡದವರೆಗೆ ಪಟ್ಟಿಯೊಂದನ್ನು ಮೆಲ್ಲಗೆ ಎಳೆದು ಕಟ್ಟಿರಿ. ಈ ಇಡೀ ಕೆಲಸವನ್ನು ಒಂದು ನಿಮಿಷದೊಳಗೆ ಮೂರು ಬಾರಿ ತಪ್ಪಿಲ್ಲದೆ ಮಾಡಲು ಬರುವವರೆಗೆ ಅಂಟಿನ ಪಾತ್ರೆಯನ್ನು ಒಲೆಗೇರಿಸಬೇಡಿ.

ನನ್ನ ಆಯ್ಕೆ ಚರ್ಮದಿಂದ ತಯಾರಾಗುವ, ಬಡಗಿಗಳ ಹಳೆಯ ಬಿಸಿ ಅಂಟು. ಅದರ ಹರಳುಗಳನ್ನು ತಣ್ಣೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು. ಕುದಿಸಿದರೆ ಬಲ ಹೋಗುತ್ತದೆ. ಮುಂದೆಂದಾದರೂ ಬಿಚ್ಚಬೇಕಾದರೆ ಶಾಖಕ್ಕೂ ತೇವಕ್ಕೂ ಇದು ಬಿಟ್ಟುಕೊಡುತ್ತದೆ. ಆದರೆ ತಣಿದೊಡನೆ ಹೆಪ್ಪುಗಟ್ಟುವುದರಿಂದ, ಕೈ ನಿಧಾನವಿರುವವರು ಟೈಟ್‌ಬಾಂಡ್ ಒರಿಜಿನಲ್‌ನಂಥ ಹಳದಿ ಮರದಂಟನ್ನು ಬಳಸುವುದು ಕ್ಷೇಮ. ಸ್ಟೇಷನರಿ ಅಂಗಡಿಯ ಬಿಳಿ ಅಂಟು ಬೇಡ; ಅಕೌಸ್ಟಿಕ್ ಗಿಟಾರಿನ ಆರು ತಂತಿಗಳ ಸುಮಾರು 70 ಕಿಲೋಗ್ರಾಂ ಎಳೆತಕ್ಕೆ ಅದು ದಿನದಿನವೂ ಸರಿಯುತ್ತದೆ. ಎರಡು ದ್ರವ ಬೆರೆಸಿ ಬಳಸುವ, ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟನ್ನಂತೂ ಮುಟ್ಟಲೇಬೇಡಿ: ಆ ಜೋಡಣೆ ಸೋತರೆ ಎಳೆಗಳೊಳಗೆ ಸೇರಿದ ಪ್ಲಾಸ್ಟಿಕ್ಕನ್ನು ಕೆರೆದು ತೆಗೆಯುವಾಗ ಮರವೂ ಹೋಗುತ್ತದೆ.

ಟ್ರಸ್ ರಾಡಿನ ತಿರುಪಿಗೆ ಮೇಣ ಸವರಿ, ಮರವನ್ನು ಹೇರ್ ಡ್ರೈಯರಿನಿಂದ ಬೆಚ್ಚಗಾಗಿಸಿ, ಎರಡೂ ಮೈಗಳಿಗೆ ಅಂಟು ಹಚ್ಚಿ. ಮೇಣದ ಕಾಗದ ಸುತ್ತಿ ಕ್ಲಾಂಪು ಬಿಗಿಯಿರಿ; ಹೊರಬಂದ ಅಂಟನ್ನು ಬೆಚ್ಚನೆಯ ಒದ್ದೆ ಬಟ್ಟೆಯಿಂದ ಒರೆಸಿ. ಇಪ್ಪತ್ತನಾಲ್ಕು ಗಂಟೆ ಕದಲಿಸಬೇಡಿ. ಕರಾವಳಿಯ ಮಳೆಗಾಲದಲ್ಲಿ ಇದನ್ನು ಇಮ್ಮಡಿ ಮಾಡಿ.

ಮುರಿತವು ಓರೆಯಾಗಿ ಉದ್ದಕ್ಕಿರದೆ ಅಡ್ಡಲಾಗಿ ಗಿಡ್ಡವಾಗಿದ್ದರೆ ಅಂಟೊಂದೇ ಸಾಲದು. ಮುರಿತವನ್ನು ದಾಟುವಂತೆ ಕತ್ತಿನ ಉದ್ದಕ್ಕೆ ಕಟ್ಟಿಗೆ ಪಟ್ಟಿಗಳನ್ನು ಹುದುಗಿಸುವ ಆ ಕೆಲಸ ನುರಿತವರ ಪಾಲಿನದು. ಸ್ಕ್ರೂ ಹೊಡೆಯುವ ಯೋಚನೆ ಮಾತ್ರ ಬೇಡ.

ಬಣ್ಣದ ವಿಷಯದಲ್ಲಿ ನಾನು ಜಿಪುಣ. ಹಳೆಯ ಗಿಟಾರುಗಳ ಹೊಳಪಿನ ಲೇಪವಾದ ನೈಟ್ರೋಸೆಲ್ಯುಲೋಸ್ ಲ್ಯಾಕರಿನ ಬಿರುಕಿಗೆ ಅದೇ ಲ್ಯಾಕರನ್ನು ಕುಂಚದ ತುದಿಯಿಂದ ಹನಿಹನಿಯಾಗಿ ತುಂಬಿಸಿದರೆ ಸಾಕು. ಗೆರೆ ಕಾಣದಂತೆ ಇಡೀ ಕತ್ತಿಗೆ ಹೊಸ ಬಣ್ಣ ಬಳಿದರೆ ಹಳೆಯ ಮೈಯೂ ಹೋಗುತ್ತದೆ, ಮುಂದೆ ಕೊಳ್ಳುವವನಿಗೆ ಮೋಸವೂ ಆಗುತ್ತದೆ.

ಮೂರು ದಿನಗಳ ನಂತರ ತಂತಿ ಕಟ್ಟಿ, ಮೊದಲ ದಿನ ಶ್ರುತಿಯನ್ನು ಎರಡು ಮೆಟ್ಟಿಲು ಕೆಳಗಿಟ್ಟು, ಮರುದಿನ ಜೋಡಣೆಯ ಗೆರೆಯ ಮೇಲೆ ಉಗುರಾಡಿಸಿ ನೋಡಿ. ಉಗುರು ತಡೆಯದಿದ್ದರೆ ಪೂರ್ತಿ ಶ್ರುತಿಗೆ ಏರಿಸಬಹುದು.