ಹಾಲು ಪರೀಕ್ಷಕರ ತರಬೇತಿಗೆ ಕಲಿಕೆಯ ಹಾಳೆ ತಯಾರಿಸುವುದು

ಹಾಲು ಉತ್ಪಾದಕರ ಸಂಘಕ್ಕೆ ಹೊಸದಾಗಿ ಬಂದ ಪರೀಕ್ಷಕರಿಗೆ ಗರ್ಬರ್ ವಿಧಾನದಲ್ಲಿ, ಅಂದರೆ ಆಸಿಡ್ ಹಾಕಿ ಫ್ಯಾಟ್ (ಕೊಬ್ಬು) ಬೇರ್ಪಡಿಸಿ, ಅದನ್ನು ಅಳೆಯುವುದನ್ನು ಕಲಿಸಬೇಕಿದೆ ಎಂದುಕೊಳ್ಳಿ. ಪುಸ್ತಕ ನೋಡಿ ಬರೆಯಲು ಕೂರಬೇಡಿ. ನುರಿತವರೊಬ್ಬರ ಪಕ್ಕ ನಿಂತು ಅವರ ಕೈ ನೋಡುತ್ತ ಬರೆದುಕೊಳ್ಳಿ. ಬಾಯಲ್ಲಿ ಹೇಳಿಸಿದರೆ ರೂಢಿಯಾದ ಹಂತಗಳನ್ನೇ ಅವರು ಬಿಟ್ಟುಬಿಡುತ್ತಾರೆ.

ಹಾಳೆಯನ್ನು ಅಡ್ಡಲಾಗಿಟ್ಟು ಮೂರು ಕಾಲಂ ಎಳೆಯಿರಿ: ಹಂತ, ಎಚ್ಚರ, ಯಾಕೆ. 1940ರಲ್ಲಿ ಅಮೆರಿಕದಲ್ಲಿ ಯುದ್ಧಕಾಲದ ಕಾರ್ಖಾನೆಗಳಿಗಾಗಿ ಶುರುವಾದ ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ತರಬೇತಿ ಬಳಸಿದ ಹಾಳೆಯಲ್ಲಿ ಹಂತ, ಎಚ್ಚರ ಎಂಬ ಎರಡೇ ಕಾಲಂ ಇದ್ದವು; ‘ಯಾಕೆ’ ಆಮೇಲೆ ಸೇರಿದ್ದು.

ಹಂತಗಳು ಸುಲಭ: ಬ್ಯುಟಿರೋಮೀಟರಿಗೆ (ಫ್ಯಾಟ್ ಓದಲು ಅಳತೆಗೆರೆಗಳಿರುವ ಗಾಜಿನ ಕೊಳವೆ) 10 ಮಿ.ಲೀ. ಸಲ್ಫ್ಯೂರಿಕ್ ಆಸಿಡ್, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್, ಬಿರಡೆ ಹಾಕಿ ಬಿಳಿ ಕಣ ಉಳಿಯದಂತೆ ಕಲಕುವುದು, ಸೆಂಟ್ರಿಫ್ಯೂಜ್ ಯಂತ್ರದಲ್ಲಿಟ್ಟು ನಿಮಿಷಕ್ಕೆ 1100 ಸುತ್ತಿನಲ್ಲಿ 5 ನಿಮಿಷ ತಿರುಗಿಸುವುದು, 65 ಡಿಗ್ರಿ ನೀರಿನಲ್ಲಿಟ್ಟು ಓದುವುದು.

ಹಾಳೆಯ ಜೀವ ಇರುವುದು ಮೂರನೇ ಕಾಲಂನಲ್ಲಿ. ಹಾಲನ್ನು ಗಾಜಿನ ಗೋಡೆಗುಂಟ ನಿಧಾನವಾಗಿ ಯಾಕೆ ಬಿಡಬೇಕು? ರಭಸವಾಗಿ ಬಿದ್ದರೆ ಆಸಿಡ್ ಜೊತೆ ಒಮ್ಮೆಲೇ ಬೆರೆತು ಬಿಸಿಯೇರಿ, ಹಾಲು ಸುಟ್ಟು ಕಪ್ಪು ಚುಕ್ಕೆಗಳಾಗುತ್ತವೆ. ಫ್ಯಾಟ್ ಗೆರೆ ಸ್ಪಷ್ಟವಾಗಿ ಕಾಣುವುದಿಲ್ಲ. ಬ್ಯುಟಿರೋಮೀಟರಿನ ಕುತ್ತಿಗೆ ಯಾಕೆ ಒಣಗಿರಬೇಕು? ಒದ್ದೆಯಿದ್ದರೆ ಬಿರಡೆ ಜಾರಿ ಆಸಿಡ್ ಮೈಮೇಲೆ ಬರುತ್ತದೆ. ಕಾರಣ ಗೊತ್ತಿಲ್ಲದವರು ಗಡಿಬಿಡಿಯ ಬೆಳಗ್ಗೆ ಮೊದಲು ಬಿಡುವುದು ಇಂಥ ಎಚ್ಚರಗಳನ್ನೇ. ಆಸಿಡ್ಡಿನ ರಸಾಯನಶಾಸ್ತ್ರ ಮಾತ್ರ ಹಾಳೆಗೆ ಬೇಡ. ಅದಕ್ಕೆ ತರಗತಿಯ ಅರ್ಧ ಗಂಟೆ ಸಾಕು.

ಒಂದು ಹಂತಕ್ಕೆ ಒಂದೇ ಕ್ರಿಯೆ. ‘ಸರಿಯಾಗಿ ಕಲಕಿ’ ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ‘ಬಟ್ಟೆ ಸುತ್ತಿ ಹಿಡಿದು, ಬುಡ ಮೇಲಾಗುವಂತೆ ಹಲವು ಸಲ ತಿರುಗಿಸಿ’ ಎನ್ನಿ. ಪಿಪೆಟ್ (ಹಾಲು ಅಳೆದು ಬಿಡುವ ಕೊಳವೆ) ಹಿಡಿಯುವ ಕೋನ, ಓದುವಾಗ ಕಣ್ಣಿನ ಮಟ್ಟ, ಇವೆರಡಕ್ಕೆ ಫೋಟೊ ಬೇಕೇ ಬೇಕು. ಉಳಿದದ್ದಕ್ಕೆ ಅಕ್ಷರ ಸಾಕು.

ಈ ಕೆಲಸ ಎಂದೂ ಮಾಡದ ಒಬ್ಬರ ಕೈಗೆ ಕರಡು ಕೊಟ್ಟು ಸುಮ್ಮನೆ ನೋಡಿ. ಮೊದಲ ಸಲ ಆಸಿಡ್ ಬದಲು ಬರೀ ನೀರು. ಆಮೇಲೆ ಆ ಬ್ಯುಟಿರೋಮೀಟರ್‌ಗಳನ್ನು ಪೂರ್ತಿ ಒಣಗಿಸಿ, ಉಳಿದ ನೀರಿಗೆ ಆಸಿಡ್ ಬಿದ್ದರೆ ಸಿಡಿಯುತ್ತದೆ. ಅವರು ಎಲ್ಲಿ ತಡೆದು ನಿಂತರೋ ಅಲ್ಲಿ ತಪ್ಪು ಹಾಳೆಯದು, ಅವರದಲ್ಲ. ತಿದ್ದಿ, ಇನ್ನೊಬ್ಬ ಹೊಸಬರಿಗೆ ಕೊಡಿ.

ಕೊನೆಯ ಪರೀಕ್ಷೆ ಪ್ರಶ್ನೆಪತ್ರಿಕೆಯಲ್ಲ. ಒಂದೇ ಹಾಲನ್ನು ಕಲಿಯುವವರೂ ನುರಿತವರೂ ಅಳೆಯಲಿ. ಫ್ಯಾಟ್ ವ್ಯತ್ಯಾಸ 0.1 ದಾಟಿದರೆ ಮತ್ತೆ ಅಭ್ಯಾಸ. ಒಪ್ಪಿಗೆಯಾದ ಹಾಳೆಗೆ ದಿನಾಂಕ ಹಾಕಿ, ಲ್ಯಾಮಿನೇಟ್ ಮಾಡಿಸಿ, ಪರೀಕ್ಷೆಯ ಮೇಜಿನೆದುರು ಕಣ್ಣಿನ ಎತ್ತರಕ್ಕೆ ಅಂಟಿಸಿ. ಹಳೆಯ ಪ್ರತಿಯನ್ನು ಅದಕ್ಕೂ ಮೊದಲೇ ಕಿತ್ತುಹಾಕಿ.